ಒಳಲೆ, ಪುಟ್ಟ ಲೋಟ, ಚಮಚ, ಬಾಟಲಿ: ಎಳೆಗೂಸಿಗೆ ಹಾಲು ಕುಡಿಸಲು ಯಾವುದು?

ಮಗು ಇನ್ನೂ ಸರಿಯಾಗಿ ಮೊಲೆ ಹಿಡಿಯುತ್ತಿಲ್ಲ, ತೂಕ ಏರುತ್ತಿಲ್ಲ, ಹಿಂಡಿ ತೆಗೆದ ಎದೆಹಾಲನ್ನು ಮೇಲಿಂದ ಕೊಡಿ ಎಂದು ವೈದ್ಯರು ಹೇಳಿದ್ದಾರೆ. ಆಗ ಮನೆಯಲ್ಲಿ ಚರ್ಚೆ ಶುರು. ಅಜ್ಜಿ ಬೆಳ್ಳಿ ಒಳಲೆ (ಮೂತಿಯಿರುವ ಪುಟ್ಟ ಹಾಲುಬಟ್ಟಲು) ತೆಗೆಯುತ್ತಾರೆ, ಯಾರೋ ಬಾಟಲಿ ತರುತ್ತಾರೆ. ನಾಲ್ಕನ್ನೂ ಬಳಸಿ ನೋಡಿದ ಮೇಲೆ ನಮ್ಮ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಹಾಲು ಎಷ್ಟು ವೇಗವಾಗಿ ಬರಬೇಕೆಂದು ನಿರ್ಧರಿಸುವುದು ಮಗುವೋ, ಕುಡಿಸುವವರ ಕೈಯೋ?

ಇದನ್ನು ಮಗುವಿನ ಬಾಯಲ್ಲಿ ಪರೀಕ್ಷಿಸಬೇಕಿಲ್ಲ. ಒಳಲೆಗೆ ನೀರು ತುಂಬಿ, ನಿಮ್ಮ ಅಂಗೈ ಮೇಲೆ ನಿಧಾನವಾಗಿ ಬಾಗಿಸಿ. ಮೂತಿ ಉದ್ದವಾಗಿ, ಕಿರಿದಾಗಿ ಇರುವ ಒಳಲೆಯಲ್ಲಿ ಮೊದಲು ಏನೂ ಬರುವುದಿಲ್ಲ. ನೀರು ಮೂತಿಯ ತುದಿಯಲ್ಲಿ ಉಬ್ಬಿ ನಿಲ್ಲುತ್ತದೆ. ಇನ್ನೊಂದು ಚೂರು ಬಾಗಿಸಿದರೆ ಒಮ್ಮೆಲೇ ಧಾರೆಯಾಗಿ ಇಳಿಯುತ್ತದೆ. ಮೂತಿ ಅಗಲವಾಗಿ, ಮೇಲ್ಭಾಗ ಪೂರ್ತಿ ತೆರೆದಿದ್ದರೆ ನೀರು ತೆವಳಿಕೊಂಡು ಬರುವುದು ಕಣ್ಣಿಗೆ ಕಾಣುತ್ತದೆ, ಕೈಗೂ ತಡೆಯಲು ಸಮಯ ಸಿಗುತ್ತದೆ. ಅಂಥದ್ದನ್ನೇ ಕೊಳ್ಳಿ. ಒಮ್ಮೆ ತುಂಬಿದರೆ ಎಷ್ಟು ಮಿ.ಲೀ. ಹಿಡಿಯುತ್ತದೆ ಎಂದು ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ದಿನಕ್ಕೆ ಎಷ್ಟು ಕುಡಿಯಿತು ಎಂದು ವೈದ್ಯರು ಕೇಳಿದಾಗ ಹೇಳಲು ಲೆಕ್ಕವೇ ಇರುವುದಿಲ್ಲ.

ಬೆಳ್ಳಿಯೋ ಸ್ಟೀಲೋ? ಸ್ಟೀಲ್. ಬೆಳ್ಳಿಯಲ್ಲಿ ವಿಷವೇನಿಲ್ಲ, ಆದರೆ ಹೂಬಳ್ಳಿಯ ಕೆತ್ತನೆಯಲ್ಲಿ, ಮೂತಿ ಬೆಸೆದ ಸಂದಿಯಲ್ಲಿ ಹಾಲಿನ ಜಿಡ್ಡು ಕೂರುತ್ತದೆ. ಕಪ್ಪಾದಾಗ ಉಜ್ಜಿದ ಪಾಲಿಶ್ ಪುಡಿಯೂ ಅಲ್ಲೇ ಉಳಿಯುತ್ತದೆ. ಹಿತ್ತಾಳೆ, ತಾಮ್ರ ಬೇಡವೇ ಬೇಡ. ಈ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿಗೂ ನಮ್ಮ ದೇಶದ ಪುಟ್ಟ ಮಕ್ಕಳನ್ನು ಕಾಡಿದ ಒಂದು ಬಗೆಯ ಲಿವರ್ ಸಿರೋಸಿಸ್‌ಗೂ ನಂಟಿರುವುದನ್ನು ವೈದ್ಯರು ಗುರುತಿಸಿದ್ದಾರೆ.

ಕುಡಿಸುವ ಕ್ರಮ ಹೀಗೆ. ಮಗು ಪೂರ್ತಿ ಎಚ್ಚರವಾಗಿರಬೇಕು. ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ತಲೆ ಮತ್ತು ಬೆನ್ನಿಗೆ ಆಸರೆ ಕೊಟ್ಟು, ಅರ್ಧ ಕೂತ ಭಂಗಿಯಲ್ಲಿ ಹಿಡಿಯಿರಿ. ಒಳಲೆಯ ಮೂತಿಯನ್ನು ಕಟವಾಯಿಯ ಬಳಿ ಕೆಳದುಟಿಯ ಮೇಲೆ ಇಟ್ಟು, ಹಾಲು ತುಟಿಗೆ ತಾಗುವಷ್ಟು ಮಾತ್ರ ಬಾಗಿಸಿ. ನಾಲಿಗೆ ಮುಂದೆ ಬರುತ್ತದೆ, ಗಂಟಲು ಒಮ್ಮೆ ಮೇಲೆ ಕೆಳಗೆ ಆಗುತ್ತದೆ, ಆಮೇಲೆ ಒಂದು ಉಸಿರು. ಆ ಉಸಿರು ಆದ ಮೇಲೆಯೇ ಮುಂದಿನ ಗುಟುಕು. ಕೆನ್ನೆ ಒತ್ತಿ ಬಾಯಿ ತೆರೆಸುವುದು, ಅಳುವ ಬಾಯಿಗೆ ಸುರಿಯುವುದು, ಮಲಗಿಸಿ ಕುಡಿಸುವುದು ಮೂರೂ ಹಾಲನ್ನು ನೆತ್ತಿಗೇರಿಸುತ್ತವೆ.

ಒಳಲೆಗೆ ಕೆಟ್ಟ ಹೆಸರು ಬಂದಿದ್ದರೆ ಅದು ಹಾಲಿನಿಂದಲ್ಲ, ಉಗ್ಗಿನಿಂದ. ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು, ಜೊತೆಗೊಂದಿಷ್ಟು ಹರಳೆಣ್ಣೆ ಅಥವಾ ತುಪ್ಪ ಸೇರಿಸಿ, ಕೈಕಾಲು ಅದುಮಿ ಹಿಡಿದು ಹಾಕುವ ರೂಢಿ ಈಗಲೂ ಇದೆ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನೀರು, ಹಾಲಿನಂತೆ ಕೆಮ್ಮು ಬರಿಸುವುದಿಲ್ಲ. ಸದ್ದಿಲ್ಲದೆ ಒಳಗಿಳಿದು, ಅಲ್ಲೇ ಉಳಿದು ನ್ಯುಮೋನಿಯ ತರುತ್ತದೆ. ಪ್ರೀತಿಯಿಂದಲೇ ಮಾಡುವ ಕೆಲಸ ಇದು, ಅದಕ್ಕೇ ಹಿರಿಯರೊಡನೆ ಜಗಳವಾಡದೆ ಕಾರಣ ಬಿಡಿಸಿ ಹೇಳಬೇಕು. ಮೊದಲ ಆರು ತಿಂಗಳು ಎದೆಹಾಲು ಸಾಕು, ನೀರೂ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಬಾರದು, ಬೊಟುಲಿಸಮ್ ಎಂಬ ನಂಜಿನ ಅಪಾಯವಿದೆ.

ಒಳಲೆಗಿಂತಲೂ ನಮಗೆ ಹೆಚ್ಚು ಹಿಡಿಸಿದ್ದು ಪುಟ್ಟ ಸ್ಟೀಲ್ ಲೋಟ. 50 ಮಿ.ಲೀ. ಹಿಡಿಯುವ, ಅಂಚು ನುಣುಪಾಗಿರುವ, ಆದರೆ ಹೊರಕ್ಕೆ ಸುರುಳಿ ಮಡಚಿರದ ಲೋಟ. ಮಡಿಕೆಯೊಳಗೆ ಬ್ರಷ್ ಹೋಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ತುಂಬಿ, ಕೆಳದುಟಿಗೆ ಹಗುರವಾಗಿ ತಾಗಿಸಿ, ಹಾಲು ಅಂಚಿಗೆ ಬಂದು ನಿಲ್ಲುವಂತೆ ಹಿಡಿದರೆ ಸಾಕು. ದಿನ ತುಂಬುವ ಮೊದಲೇ ಹುಟ್ಟಿದ ಮಗು ಬೆಕ್ಕಿನ ಮರಿಯಂತೆ ನೆಕ್ಕುತ್ತದೆ, ದಿನ ತುಂಬಿದ ಮಗು ಹೀರುತ್ತದೆ. ಮಗು ನಿಲ್ಲಿಸಿದಾಗ ಲೋಟವನ್ನು ಅಲ್ಲೇ ಹಿಡಿದಿದ್ದರಾಯಿತು, ಅದೇ ಮತ್ತೆ ಶುರು ಮಾಡುತ್ತದೆ. ಇದರ ಕೊರತೆಯೆಂದರೆ ಗಲ್ಲದ ಕೆಳಗೆ ಸೋರುವ ಹಾಲು. ಕತ್ತಿಗೆ ಒಣ ಬಟ್ಟೆ ಕಟ್ಟಿ, ಆಮೇಲೆ ಅದು ಎಷ್ಟು ಒದ್ದೆಯಾಗಿದೆ ನೋಡಿ. ಅಷ್ಟು ಹಾಲು ಹೊಟ್ಟೆ ಸೇರಿಲ್ಲ.

ಚಮಚದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮೊದಲೆರಡು ದಿನದ ಗಿಣ್ಣುಹಾಲಿನ ಹನಿಗಳಿಗೆ ಅದು ಚೆನ್ನ. ಆಮೇಲೆ ಕುಡಿಸುವವರಿಗೂ ಮಗುವಿಗೂ ದಣಿವು.

ಬಾಟಲಿಯ ಮೇಲೆ ನಮ್ಮ ದೂರು ಇರುವುದು ನಿಪ್ಪಲ್ ಮತ್ತು ತೊಳೆಯುವ ಕಷ್ಟದ ಬಗ್ಗೆ. ಬಾಟಲಿ, ರಿಂಗ್, ನಿಪ್ಪಲ್, ಮುಚ್ಚಳ, ಕೆಲವದರಲ್ಲಿ ಗಾಳಿಯ ವಾಲ್ವ್ ಬೇರೆ. ರಿಂಗಿನ ತಿರುಪು ಸುತ್ತುಗಳಲ್ಲಿ ಬೆರಳಾಡಿಸಿ ನೋಡಿ, ತೊಳೆದ ಮೇಲೂ ಜಾರುವ ಜಿಡ್ಡು ಸಿಗುತ್ತದೆ. ಎಲ್ಲ ಬಿಡಿಸಿ, ತಣ್ಣೀರಲ್ಲಿ ಜಾಲಿಸಿ, ಸೋಪು ಬೆರೆಸಿದ ಬಿಸಿನೀರಲ್ಲಿ ಬ್ರಷ್ ಹಾಕಿ ಉಜ್ಜಿ, ಪೂರ್ತಿ ಮುಳುಗಿಸಿ 10 ನಿಮಿಷ ಕುದಿಸಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ಆ ಜಾಗ ಕುದಿಯುವುದಿಲ್ಲ. ಒಳಲೆ, ಲೋಟಕ್ಕೂ ಇದೇ ಕ್ರಮ, ಆದರೆ ಕೆಲಸ ಅರ್ಧಕ್ಕರ್ಧ ಕಡಿಮೆ. ಇನ್ನೊಂದು ವ್ಯತ್ಯಾಸ: ಲೋಟಕ್ಕೆ ಬೇಕಾದಷ್ಟೇ ಬಗ್ಗಿಸಿಕೊಂಡರೆ ಉಳಿದ ಹಾಲು ಎಂಜಲಾಗುವುದಿಲ್ಲ. ಬಾಟಲಿಯಲ್ಲಿ ಅಷ್ಟೂ ಹಾಲಿಗೆ ಜೊಲ್ಲು ಸೇರುತ್ತದೆ.

ನಿಪ್ಪಲ್ಲನ್ನು ತಲೆಕೆಳಗೆ ಹಿಡಿದಾಗ ಹನಿ ಹನಿಯಾಗಿ ಬೀಳಬೇಕು, ಧಾರೆ ಬಂದರೆ ಎಳೆಗೂಸಿಗೆ ಅದು ಹೆಚ್ಚಾಯಿತು. ಮಗು ನಿಧಾನ ಎಂದು ಸೂಜಿ ಕಾಯಿಸಿ ತೂತು ದೊಡ್ಡದು ಮಾಡುವುದು ನಿಪ್ಪಲ್ಲಿನ ಒಳ್ಳೆಯ ಗುಣವನ್ನೇ ಕಳೆಯುವುದು. ಅಂಟಂಟಾದರೆ, ಉಬ್ಬಿದರೆ, ಸೀಳಿದರೆ ಬಿಸಾಡಿ. ದಿಂಬಿಗೆ ಒರಗಿಸಿದ ಬಾಟಲಿಯನ್ನು ಬಾಯಿಗಿಟ್ಟು ಅಡುಗೆಮನೆಗೆ ಹೋಗಬೇಡಿ. ಇಷ್ಟಾದರೂ, ತಾಯಿ ಕೆಲಸಕ್ಕೆ ಹೋದ ಮೇಲೆ ಎರಡು ಮೂರು ತಿಂಗಳ ಮಗುವಿಗೆ ಒಮ್ಮೆಲೇ 100 ಮಿ.ಲೀ. ಕುಡಿಸಬೇಕಾದ ಮನೆಗಳಿಗೆ ಬಾಟಲಿ ಅನುಕೂಲವೇ. ಐಎಸ್‌ಐ ಗುರುತಿರುವುದನ್ನೇ ಕೊಳ್ಳಿ. 1992ರ ಶಿಶು ಆಹಾರ ಕಾಯ್ದೆಯ ಪ್ರಕಾರ ಹಾಲಿನ ಬಾಟಲಿಗೆ ಜಾಹೀರಾತು ಕೊಡುವುದೇ ನಿಷಿದ್ಧ ಎಂಬುದು ನೆನಪಿರಲಿ.

ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಆಯ್ಕೆ ನಿಮ್ಮದಲ್ಲ, ವಾರಗಳದ್ದು. ಹೀರುವುದು, ನುಂಗುವುದು, ಉಸಿರಾಡುವುದು ಒಂದಕ್ಕೊಂದು ಹೊಂದಿಕೊಳ್ಳುವುದು ಗರ್ಭದ ಸುಮಾರು 34ನೇ ವಾರಕ್ಕೆ. 32ರಿಂದ 34 ವಾರದವರೆಗೆ ಸಾಮಾನ್ಯವಾಗಿ ಒಳಲೆ ಅಥವಾ ಲೋಟ, ಅದಕ್ಕೂ ಮುಂಚೆ ಮೂಗು ಅಥವಾ ಬಾಯಿಯ ಮೂಲಕ ಹೊಟ್ಟೆಗೆ ಇಳಿಸುವ ನಳಿಕೆ. ಎನ್‌ಐಸಿಯುನಿಂದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮನೆಗೆ ಹೊರಡುವ ಮೊದಲು ನರ್ಸ್ ಎದುರಿಗೇ ನಿಮ್ಮ ಕೈಯಾರೆ ಎರಡು ಮೂರು ಸಲ ಕುಡಿಸಿ ತೋರಿಸಿ.

ಕುಡಿಸುವಾಗ ತುಟಿ ನೀಲಿಯಾದರೆ, ಕುಡಿಸಿದ ಮೇಲೆ ಮಗು ಶಾಂತವಾಗಿದ್ದರೂ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಯಾವ ಪಾತ್ರೆಯಿಂದಲೂ ಮತ್ತೆ ಕೊಡಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಉಸಿರನ್ನು ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಎಳೆಗೂಸಿನಲ್ಲಿ ಲೆಕ್ಕ ತಪ್ಪುತ್ತದೆ, ಏಕೆಂದರೆ ಅವು ಒಂದಷ್ಟು ಹೊತ್ತು ಬೇಗ ಬೇಗ ಉಸಿರಾಡಿ ನಡುವೆ ಚೂರು ನಿಲ್ಲಿಸುತ್ತವೆ.