ಹುಬ್ಬಳ್ಳಿಯಲ್ಲಿ ಜಿಪ್ಸಿಗೆ ಪಾಟಾ ಕೊಳ್ಳುವವರು ಮೊದಲು ಬಣ್ಣ ಕೆರೆದು ನೋಡಿ

ಹುಬ್ಬಳ್ಳಿಯ ಒಂದು ಬಿಡಿಭಾಗಗಳ ಅಂಗಡಿಯಲ್ಲಿ 22,000 ರೂಪಾಯಿ ಕೊಟ್ಟು ನನ್ನ ಮಾರುತಿ ಜಿಪ್ಸಿಗೆ ಹಾಕಿಸಿದ ಪಾಟಾಗಳು (ಗಾಡಿಯ ಭಾರ ಹೊರುವ, ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗುಗಳು) ಹೊಸವಲ್ಲ, ಹಳೆಯವನ್ನೇ ಬಡಿದು ಕಮಾನು ಮಾಡಿ ಕಪ್ಪು ಬಣ್ಣ ಬಳಿದವು ಎಂಬುದು ನನಗೆ ತಿಳಿದದ್ದು, ಅವುಗಳಲ್ಲೊಂದು ಅಣ್ಣಿಗೇರಿಯ ಹತ್ತಿರ ಮುರಿದು, ಹಿಂದೆ ಕುಳಿತಿದ್ದ ನನ್ನ ತಾಯಿಯವರ ಹಣೆ ಕಬ್ಬಿಣದ ಕಂಬಿಗೆ ಬಡಿದ ಮೇಲೆ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಕೆನ್ನುವಷ್ಟು ಸಿಟ್ಟಿದೆ, ಆದರೆ ನನ್ನ ಕೈಯಲ್ಲಿ ಪಕ್ಕಾ ಬಿಲ್ ಇಲ್ಲ. ಅದು ಏಕಿಲ್ಲ ಎಂಬುದನ್ನೂ ಹೇಳುತ್ತೇನೆ, ಹೇಳಲು ನಾಚಿಕೆಯಾದರೂ.

ನಮ್ಮ ಹೊಲ ನವಲಗುಂದದ ಕಡೆ, ಪೂರ್ತಿ ಎರೆ ಭೂಮಿ. ಮಳೆ ಬಿದ್ದ ಮರುದಿನ ಆ ದಾರಿಯಲ್ಲಿ ಟ್ರ್ಯಾಕ್ಟರ್ ಹೋಗಬೇಕು, ಇಲ್ಲವೇ ನಾಲ್ಕೂ ಗಾಲಿ ಎಳೆಯುವ ಗಾಡಿ ಹೋಗಬೇಕು. ಜಿಪ್ಸಿ ಸುಮಾರು ಒಂದು ಟನ್ ತೂಕದ ಹಗುರ ಗಾಡಿ. ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಪಾಟಾ. ಗೊಬ್ಬರದ ಚೀಲ ಹೊತ್ತು ಹೊತ್ತು ಹಿಂದಿನ ಎಡ ಪಾಟಾ ಕುಸಿದಿತ್ತು. ಧಾರವಾಡದ ನಮ್ಮ ಮೇಸ್ತ್ರಿ ಗಾಲಿಯ ನಡುವಿನಿಂದ ಮಡ್‌ಗಾರ್ಡಿನವರೆಗೆ ಟೇಪು ಹಿಡಿದು, ಎಡಕ್ಕೂ ಬಲಕ್ಕೂ ಒಂದೂವರೆ ಇಂಚು ವ್ಯತ್ಯಾಸವಿದೆ, ನಾಲ್ಕನ್ನೂ ಬದಲಿಸಿಬಿಡಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಅಂಗಡಿಯಲ್ಲಿ ಕಂಪನಿ ಮಾಲು ಕೇಳಿದೆ. "ಜಿಪ್ಸಿ ಬಂದ್ ಆಗಿ ಎಷ್ಟ ವರ್ಷ ಆತ್ರಿ ಸಾಹೇಬ್ರ, ಕಂಪನಿ ಮಾಲ್ ಎಲ್ಲಿಂದ ತರೂಣು? ಇದು ಅದಕ್ಕಿಂತ ಭಾರಿ ಐತ್ರಿ. ಹೆವಿ ಡ್ಯೂಟಿ. ಗಾಡಿ ಎರಡ ಇಂಚ ಮ್ಯಾಲೆದ್ದ ನಿಂದರತೈತಿ" ಎಂದರು. ಗಾಡಿಗೆ ಎಷ್ಟು ಭಾರ ಹೇರುತ್ತೀರಿ ಎಂದು ಒಂದು ಸಲವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಜಿಎಸ್‌ಟಿ ಬಿಲ್ ಬೇಕಾದರೆ ಶೇ. 18 ಸೇರಿಸಬೇಕು, ಅಂದರೆ ಸುಮಾರು 4,000 ಹೆಚ್ಚು ಎಂದರು. ಆ 4,000 ಉಳಿಸುವ ಆಸೆಗೆ ನಾನು ಬಿಳಿ ಚೀಟಿಗೆ ಒಪ್ಪಿದೆ. ಚೀಟಿಯ ಮೇಲೆ "ಪಾಟಾ ಸೆಟ್ 4" ಮತ್ತು ಮೊತ್ತ, ಅಷ್ಟೇ. ಮೊಹರಿಲ್ಲ, ಸಹಿಯಿಲ್ಲ. ಪಕ್ಕದ ಶೆಡ್ಡಿನಲ್ಲೇ ಹೊಸವನ್ನು ಕೂರಿಸಿ, ನನ್ನ ಹಳೆಯ ನಾಲ್ಕನ್ನೂ 1,500 ರೂಪಾಯಿಗೆ ಇಟ್ಟುಕೊಂಡರು. ಈ ಕೊನೆಯ ಮಾತು ನೆನಪಿನಲ್ಲಿರಲಿ.

ಮೊದಲ ವಾರ ಗಾಡಿ ಎತ್ತರವಾಗಿಯೇ ನಿಂತಿತು. ಆದರೆ ಖಾಲಿ ಗಾಡಿಯಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್ ಬರುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಪ್ರತಿಯೊಂದು ಹಂಪಿನಲ್ಲೂ ಹಿಂಭಾಗ ಜಿಗಿದು, ಹಳೆಯ ಅಳತೆಯ ಶಾಕ್ ಅಬ್ಸಾರ್ಬರ್ ತುದಿಯವರೆಗೆ ಎಳೆದು ಬಡಿಯುತ್ತಿತ್ತು. ಬ್ರೇಕಿನ ರಬ್ಬರ್ ಪೈಪು ತಂತಿಯಂತೆ ಬಿಗಿದಿತ್ತು. ಫೋನ್ ಮಾಡಿದರೆ, "ಲೋಡ್ ಬಿದ್ದ ಮ್ಯಾಲೆ ಕೂಡತೈತ್ರಿ, ಗಾಬರಿ ಆಗಬ್ಯಾಡ್ರಿ" ಎಂಬ ಉತ್ತರ. ಹೊಸ ಪಾಟಾ ಸ್ವಲ್ಪ ಕೂಡುವುದು ಸಹಜ ಎಂದು ನಾನೂ ಸುಮ್ಮನಾದೆ. ಐದನೆಯ ವಾರಕ್ಕೆ ಅದು ನನ್ನ ಹಳೆಯ ಪಾಟಾಗಳಿಗಿಂತಲೂ ಕೆಳಗೆ ಕುಳಿತಿತ್ತು. ಆರನೆಯ ವಾರ ಮುರಿಯಿತು. ಹಿಂದಿನ ಅಕ್ಸಲ್ ಒಂದು ಕಡೆ ಸರಿದು ಗಾಡಿ ರಸ್ತೆಯ ಅಂಚಿನಿಂದ ಕೆಳಗಿಳಿಯಿತು. ವೇಗ ನಲವತ್ತರ ಒಳಗಿತ್ತು, ಎದುರಿಗೆ ಲಾರಿ ಇರಲಿಲ್ಲ. ತಾಯಿಯವರಿಗೆ ಹಣೆಯ ಮೇಲೆ ಎರಡು ಹೊಲಿಗೆ ಬಿದ್ದವು.

ಗಾಡಿಯನ್ನು ಎಳೆಸಿಕೊಂಡು ಬಂದು, ಧಾರವಾಡದಲ್ಲಿ ಭಟ್ಟಿ ಇಟ್ಟುಕೊಂಡು ಪಾಟಾ ಕೆಲಸವನ್ನೇ ಮಾಡುವ ಹಿರಿಯರೊಬ್ಬರ ಮುಂದೆ ಬಿಚ್ಚಿಸಿದೆ. ಅವರು ಏನೂ ಮಾತಾಡದೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಬಣ್ಣ ಕೆರೆಯತೊಡಗಿದರು. ಒಂದು ಅಂಗೈಯಷ್ಟು ಬಣ್ಣ ಹೋದಾಗ ಕೆಳಗೆ ಸಿಡುಬಿನ ಕಲೆಗಳಂತೆ ತುಕ್ಕಿನ ಕುಳಿಗಳು ಕಂಡವು. ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತೆಗೆದು ಅವನ್ನು ಹರಡಿದರು. ಬೋಲ್ಟಿನ ತೂತು ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಒಂದು ಪ್ಲೇಟಿನ ತುದಿ ಇನ್ನೊಂದನ್ನು ವರ್ಷಗಟ್ಟಲೆ ಉಜ್ಜಿದ ಗೀರುಗಳಿದ್ದವು, ಆದರೆ ಆ ಗೀರುಗಳಿಗೂ ಈಗಿನ ತುದಿಗಳಿಗೂ ತಾಳೆಯೇ ಇರಲಿಲ್ಲ; ಅಂದರೆ ಬೇರೆ ಬೇರೆ ಗಾಡಿಗಳ ಪ್ಲೇಟುಗಳನ್ನು ಕೂಡಿಸಿ ಒಂದು ಸೆಟ್ ಮಾಡಿದ್ದರು. ಮೂರನೆಯ ಪ್ಲೇಟನ್ನು ಗ್ಯಾಸಿನಿಂದ ಕತ್ತರಿಸಿ ಗಿಡ್ಡ ಮಾಡಿದ್ದರು. ಸ್ಪ್ರಿಂಗ್ ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಬರಿಸಿದ ಗುಣ ಅಂಥ ಬೆಂಕಿ ತಾಗಿದ ಕಡೆ ಉಳಿಯುವುದಿಲ್ಲ. ಕೊನೆಗೆ ಮುರಿದ ಮೇನ್ ಪ್ಲೇಟಿನ, ಅಂದರೆ ಎಲ್ಲಕ್ಕಿಂತ ಉದ್ದದ ಮುಖ್ಯ ಪ್ಲೇಟಿನ, ಬಾಯಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಸೀಳಿನ ಒಳಗೂ ಕಪ್ಪು ಬಣ್ಣ ಇಳಿದಿತ್ತು. ಬಣ್ಣ ಬಳಿಯುವ ಮೊದಲೇ ಆ ಪ್ಲೇಟು ಸೀಳಿತ್ತು. ಅದರ ಮೇಲೆ ನಾನು ನನ್ನ ತಾಯಿಯನ್ನು ಕೂರಿಸಿಕೊಂಡು ಓಡಾಡಿದ್ದೆ.

"ಇದನ್ನ ಎಷ್ಟಕ್ಕ ತಂದ್ರಿ?" ಎಂದು ಅವರು ಕೇಳಿದರು. ನಾನು ಹನ್ನೆರಡು ಸಾವಿರ ಎಂದು ಸುಳ್ಳು ಹೇಳಿದೆ. ನಿಜವಾದ ಮೊತ್ತ ಬಾಯಿಗೆ ಬರಲಿಲ್ಲ.

ಮರುದಿನ ಮುರಿದ ತುಂಡು ಹಿಡಿದು ಅಂಗಡಿಗೆ ಹೋದೆ. "ಹೊಲದಾಗ ಕಲ್ಲಿಗೆ ಹೊಡದೀರಿ" ಎಂದರು. ಎರೆ ಹೊಲದಲ್ಲಿ ಅಂಥ ಕಲ್ಲು ಎಲ್ಲಿದೆ ಎಂದು ಕೇಳಿದರೆ, "ಪಾಟಾಕ್ಕ ಯಾರೂ ಗ್ಯಾರಂಟಿ ಕೊಡಂಗಿಲ್ರಿ." ಸೀಳಿನೊಳಗಿನ ಬಣ್ಣ ತೋರಿಸಿದೆ. "ನಾವೂ ತಂದದ್ದ ಮಾರತೇವ್ರಿ, ಒಳಗ ಹೊಕ್ಕ ನೋಡಾಕ ಬರತೈತೇನ್ರಿ?" ಕೊನೆಗೆ ಚೀಟಿ ತೆಗೆದೆ. ಅದನ್ನು ತಿರುವಿ ಹಾಕಿ, ಬಹಳ ಶಾಂತವಾಗಿ, "ಇದು ನಮ್ಮ ಅಂಗಡೀದ ಅಂತ ಎಲ್ಲಿ ಬರದೈತ್ರಿ?" ಎಂದರು. ಅಲ್ಲಿ ನಿಂತಿದ್ದ ಬೇರೆ ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ದಯವಿಟ್ಟು ಪಕ್ಕಾ ಬಿಲ್ ತೆಗೆದುಕೊಳ್ಳಿ. 4,000 ಉಳಿಸಲು ಹೋಗಬೇಡಿ. ಹಣ ಕೊಡುವ ಮೊದಲು ಸೆಂಟರ್ ಬೋಲ್ಟ್ ಬಿಚ್ಚಿಸಿ ಪ್ಲೇಟುಗಳ ಒಳಮೈ ನೋಡಿ, ಅಂಗಡಿಯವರು ಬೇಡವೆಂದರೆ ಎದ್ದು ಬನ್ನಿ. "ಹೆವಿ ಡ್ಯೂಟಿ" ಎಂಬ ಮಾತಿಗೆ ಬೆಲೆ ಕೊಡಬೇಡಿ. ಪ್ಲೇಟಿನ ದಪ್ಪ 6 ಮಿಲಿಮೀಟರಿನಿಂದ 7ಕ್ಕೆ ಏರಿದರೆ ಅದರ ಬಿಗಿತ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಏಕೆಂದರೆ ಬಿಗಿತ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಹಗುರ ಗಾಡಿಗೆ ಅದು ಬೆನ್ನುನೋವು ಮಾತ್ರ. ನಿಮ್ಮ ಹಳೆಯ ಪಾಟಾದ ಉದ್ದ, ಅಗಲ, ದಪ್ಪ, ಪ್ಲೇಟುಗಳ ಸಂಖ್ಯೆ ಬರೆದುಕೊಂಡು, ದಿನಾ ಹೇರುವ ಭಾರ ಹೇಳಿ ಕೊಳ್ಳಿ. ಗಾಡಿ ಎತ್ತರಿಸುವುದಾದರೆ ಶಾಕ್ ಅಬ್ಸಾರ್ಬರನ್ನೂ ಬ್ರೇಕ್ ಪೈಪನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ. ಅದನ್ನು ನನಗೆ ಯಾರೂ ಹೇಳಲಿಲ್ಲ.

ಇನ್ನೊಂದು ಮಾತು. ನಾನು ಹೊರಡುವಾಗ ಆ ಅಂಗಡಿಯವರು, ಮುರಿದದ್ದೂ ಸೇರಿ ನಾಲ್ಕನ್ನೂ ವಾಪಸ್ ಕೊಟ್ಟರೆ 3,000 ಕೊಡುತ್ತೇವೆ ಎಂದರು. ಏತಕ್ಕೆ ಎಂಬುದು ಅಂಗಡಿಯ ಮೆಟ್ಟಿಲು ಇಳಿಯುವಾಗ ಹೊಳೆಯಿತು. ಕೊಡಲಿಲ್ಲ, ಎಲ್ಲವನ್ನೂ ಗ್ಯಾಸಿನಿಂದ ನಡುವೆ ಕತ್ತರಿಸಿ ಗುಜರಿಗೆ ಹಾಕಿಸಿದೆ. ಆದರೆ ನಾನು 1,500ಕ್ಕೆ ಬಿಟ್ಟುಬಂದ ನನ್ನ ಸ್ವಂತ ಹಳೆಯ ಪಾಟಾಗಳು ಅಲ್ಲೇ ಉಳಿದಿವೆ. ಬುಷ್ (ಪಾಟಾದ ತುದಿಯ ಸುರುಳಿಯೊಳಗಿನ ಬಳೆ) ಬದಲಿಸುವಾಗ ಎಡ ಬಲ ಗುರುತಿಗೆಂದು ನಮ್ಮ ಮೇಸ್ತ್ರಿ ಹಿಂದಿನ ಎಡ ಪಾಟಾದ ಮೇನ್ ಪ್ಲೇಟಿಗೆ, ಮುಂದಿನ ಬುಷ್ಷಿನ ಪಕ್ಕದಲ್ಲಿ, ಪಂಚಿನಿಂದ ಸಾಲಾಗಿ ಮೂರು ಚುಕ್ಕೆ ಹೊಡೆದಿದ್ದರು. ಈಚೆಗೆ ಹುಬ್ಬಳ್ಳಿಯಲ್ಲಿ ಜಿಪ್ಸಿಗೆ "ಹೊಸ" ಪಾಟಾ ಹಾಕಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಇಂದೇ ಗಾಡಿಯ ಕೆಳಗೆ ಬಗ್ಗಿ ಆ ಜಾಗದ ಬಣ್ಣ ಕೆರೆದು ನೋಡಿ. ಮೂರು ಚುಕ್ಕೆ ಕಂಡರೆ ಆ ಗಾಡಿಯಲ್ಲಿ ಯಾರನ್ನೂ ಕೂರಿಸಬೇಡಿ.