ಶಾಲೆಯಿಂದ ಶ್ರೀಲಂಕಾ ಪ್ರವಾಸ: ಕೆರೆಗೆ ಪೂರ್ತಿ ಅಂಕ, ಟೀ ತೋಟಕ್ಕೆ ಅರ್ಧ

ಹೈಸ್ಕೂಲ್ ಮಕ್ಕಳನ್ನು ಮೊದಲ ಸಲ ಹೊರದೇಶಕ್ಕೆ ಕಳಿಸುವುದಾದರೆ ಶ್ರೀಲಂಕಾಕ್ಕೇ ಕಳಿಸಿ. ನಾನು ಹೋಗಿದ್ದು ಸಮಾಜ ವಿಜ್ಞಾನದ ಟೀಚರ್ ಆಗಿ, ಬೆಂಗಳೂರಿನಿಂದ, ಒಂಬತ್ತನೇ ಕ್ಲಾಸಿನವರ ಜೊತೆ.

ತುಂಬಾ ಇಷ್ಟವಾಗಿದ್ದು ಹಳೆಯ ರಾಜಧಾನಿ ಪೊಲೊನ್ನರುವ. ಗಲ್ ವಿಹಾರದ ಬುದ್ಧನ ಮೂರ್ತಿಗಳು ಸೊಗಸಾಗಿವೆ, ಆದರೆ ಮಕ್ಕಳು ಬಿಟ್ಟು ಬರಲು ಒಪ್ಪದೇ ಇದ್ದದ್ದು ಪರಾಕ್ರಮ ಸಮುದ್ರದ ಏರಿಯನ್ನು. ಹೆಸರಿಗೆ ಸಮುದ್ರ, ಇರುವುದು ಕೆರೆ. 12ನೇ ಶತಮಾನದಲ್ಲಿ ಒಂದನೇ ಪರಾಕ್ರಮಬಾಹು ಕಟ್ಟಿಸಿದ್ದು, ಇವತ್ತಿಗೂ ಅದರ ನೀರಲ್ಲಿ ಭತ್ತ ಬೆಳೆಯುತ್ತಾರೆ. ಗೈಡ್ ಇಲ್ಲಿ ಚೆನ್ನಾಗಿ ವಿವರಿಸಿದರು: ತೂಬಿನ ಹತ್ತಿರ ಬಾವಿಯಂತೆ ಚೌಕವಾಗಿ ಕಟ್ಟಿದ ಬಿಸೋಕೊಟುವ ಇರುತ್ತದೆ, ನೀರಿನ ಒತ್ತಡ ಅಲ್ಲೇ ತಗ್ಗುತ್ತದೆ, ಆಮೇಲೆ ಬೇಕಾದಷ್ಟೇ ಕಾಲುವೆಗೆ ಬಿಡುತ್ತಾರೆ. ಕೋಲಾರದ ಕಡೆಯ ಹುಡುಗನೊಬ್ಬ "ಮಿಸ್, ನಮ್ಮೂರ ಕೆರೆಯ ತೂಬು ಹೂತು ಹೋಗಿದೆ" ಅಂದ. ಪಾಠ ತಲುಪಿತು ಅಂತ ಖುಷಿಯಾಯಿತು.

ಪಕ್ಕದ ಗದ್ದೆಯಲ್ಲಿ ಒಬ್ಬ ರೈತರ ಜೊತೆ ಮಾತು. ಮಹಾ, ಯಾಲ ಅಂತ ಭತ್ತಕ್ಕೆ ಎರಡು ಹಂಗಾಮು, ಹಿಂಗಾರು, ಮುಂಗಾರು ಮಳೆಗಳ ಲೆಕ್ಕದಲ್ಲಿ. 2021ರಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರನೆ ನಿಲ್ಲಿಸಿದಾಗ ಇಳುವರಿ ಹೇಗೆ ಕುಸಿಯಿತು ಅಂತಲೂ ಅವರು ಹೇಳಿದರು. ಇದು ಯಾವ ಪಠ್ಯಪುಸ್ತಕದಲ್ಲೂ ಹೀಗೆ ಸಿಗುವುದಿಲ್ಲ ಅಲ್ವಾ?

ಬಂಡೆಯ ಮೇಲಿನ ಹಳೆಯ ಕೋಟೆ ಸಿಗಿರಿಯಕ್ಕೆ ಬೆಳಗ್ಗೆ ಬೇಗ ಹೋಗಿ. ಸುಮಾರು 1200 ಮೆಟ್ಟಿಲು, ಬಿಸಿಲೇರಿದರೆ ಕಷ್ಟ.

ಬೇಸರವಾಗಿದ್ದು ಟೀ ತೋಟಗಳ ಬೆಟ್ಟದೂರು ನುವರ ಎಲಿಯದಲ್ಲಿ. ಟೀ ಫ್ಯಾಕ್ಟರಿ ಸುಮ್ನೆ ಸುತ್ತಿಸಿ, ಅಂಗಡಿಯಲ್ಲಿ ಮಾತ್ರ ಬೇಕಾದಷ್ಟು ಹೊತ್ತು ನಿಲ್ಲಿಸಿದರು. ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರ ಹೊತ್ತಿಗೆ ಎಲೆ ತುಕ್ಕು ರೋಗ ಬಂದು, ಮುಂದಿನ ವರ್ಷಗಳಲ್ಲಿ ತೋಟಗಳು ನೆಲಕಚ್ಚಿದವು. ರೋಗ ಬರುವುದಕ್ಕೆ ಸ್ವಲ್ಪ ಮುಂಚೆ, 1867ರಲ್ಲಿ, ಸ್ಕಾಟ್ಲೆಂಡಿನ ಜೇಮ್ಸ್ ಟೇಲರ್ ಲೂಲೆಕೊಂಡೆರ ಎಂಬ ತೋಟದಲ್ಲಿ ಟೀ ಬೆಳೆಸಲು ಶುರು ಮಾಡಿದ್ದರು. ಚಿಕ್ಕಮಗಳೂರು, ಕೊಡಗಿನ ಮಕ್ಕಳಿಗೆ ಅದೇ ರೋಗದ ಹೆಸರು ಮನೆಯಲ್ಲೇ ಕೇಳಿ ಗೊತ್ತು, ಎಷ್ಟು ಒಳ್ಳೆ ಚರ್ಚೆ ಆಗಬಹುದಿತ್ತು. ಅದಕ್ಕಿಂತ ಮುಖ್ಯವಾಗಿ, ತಮಿಳುನಾಡಿನಿಂದ ಕರೆತಂದ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು ಇವತ್ತಿಗೂ ಅಲ್ಲಿ ತೋಟದ ಸಾಲು ಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ ಅವರಲ್ಲಿ ಬಹಳಷ್ಟು ಜನಕ್ಕೆ ಪೌರತ್ವವೇ ಇರಲಿಲ್ಲ. ಗೈಡ್ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಟೀ ಸೊಪ್ಪು ಕೀಳುವ ಹೆಂಗಸರ ಜೊತೆ ಫೋಟೊ ಮಾತ್ರ ತೆಗೆಸಿದರು. ನನಗೆ ಅದು ಸರಿ ಅನ್ನಿಸಲಿಲ್ಲ.

ಊಟಕ್ಕೆ ತೊಂದರೆಯಿಲ್ಲ, ಅನ್ನ, ಪರಿಪ್ಪು (ಬೇಳೆ ಸಾರು) ಎಲ್ಲ ಕಡೆ ಸಿಗುತ್ತದೆ. ತೆಂಗಿನಕಾಯಿ ಚಟ್ನಿಯಂಥ ಪೊಲ್ ಸಂಬೋಲ್‌ನಲ್ಲಿ ಒಣಮೀನು ಹಾಕಿರಬಹುದು, ಸಸ್ಯಾಹಾರಿ ಮಕ್ಕಳಿದ್ದರೆ ಕೇಳಿಯೇ ತಿನ್ನಿಸಿ. ಬುಕ್ ಮಾಡುವಾಗ ರತ್ನದ ಅಂಗಡಿ, ಮಸಾಲೆ ತೋಟ ಎರಡನ್ನೂ ತೆಗೆಸಿ, ಆ ಹೊತ್ತನ್ನು ಪೊಲೊನ್ನರುವಕ್ಕೆ ಕೊಡಿ ಅಂತ ಬರಹದಲ್ಲೇ ಕೇಳಿ.