ಅಂಗಳದಲ್ಲಿ ಸರಿಯಿದ್ದ ಗಾಡಿ ಆಗುಂಬೆ ಘಾಟಿಯಲ್ಲಿ ಹೊಗೆಯಾಡಿತು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಗಾಡಿಯ ತಪ್ಪೇನೂ ಇಲ್ಲ. ಕಂಪನಿಯಿಂದ ಬಂದ ಹಾಗೆಯೇ ಬಿಟ್ಟಿದ್ದರೆ ಸುಮ್ನೆ ಓಡಿಕೊಂಡಿರುತ್ತಿತ್ತು. ಕೆಡಿಸಿದ್ದು ನಾನು. ಅದೂ ಎರಡು ಭಾನುವಾರ ಶೆಡ್ಡಿನಲ್ಲಿ ಕೂತು, ಟೀ ಕುಡಿಯುತ್ತಾ, ಬಹಳ ಖುಷಿಯಿಂದ ಕೆಡಿಸಿದೆ. ಹ್ಯಾಂಡಲ್ ರೈಸರ್, ಫಾಗ್ ಲ್ಯಾಂಪ್ ಅಂತ ಈ ವಾರ ಪಾನಾ ಹಿಡಿದು ಕೂರುವವರಿದ್ದರೆ ಇದನ್ನು ಓದಿ ಆಮೇಲೆ ಕೂರಿ.

ನನ್ನದು ಹೀರೋ ಕಂಪನಿಯ ಬೈಕು, 2019ರ ಎಕ್ಸ್‌ಪಲ್ಸ್ 200, ಸೆಕೆಂಡ್ ಹ್ಯಾಂಡ್. ಹೀರೋದ ಹಳೇ ಇಂಪಲ್ಸ್ ಬೈಕು ಬರುವುದು ನಿಂತುಹೋದ ಮೇಲೆ ಒಂದು ಲಕ್ಷದ ಆಸುಪಾಸಿನಲ್ಲಿ ಕಾಡುರಸ್ತೆಗೂ ಟಾರು ರಸ್ತೆಗೂ ಆಗುವಂಥ ಗಾಡಿ ನಮಗೆ ಸಿಕ್ಕಿದ್ದೇ ಇದು. ಮುಂದೆ 21 ಇಂಚಿನ ಚಕ್ರ, ಹಿಂದೆ 18. ಮುಂದಿನ ಶಾಕ್ಸ್ 190 ಮಿಲಿಮೀಟರ್ ಆಡುತ್ತದೆ, ಹಿಂದಿನದು 170. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ದಾರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಬೇಡ.

ನಾನು ಸ್ವಲ್ಪ ಉದ್ದ ಆಸಾಮಿ. ನಿಂತುಕೊಂಡು ಓಡಿಸುವಾಗ ಹ್ಯಾಂಡಲ್ ತಗ್ಗು ಅನಿಸುತ್ತಿತ್ತು, ಬೆನ್ನು ಬಾಗುತ್ತಿತ್ತು. ಆನ್‌ಲೈನಿನಲ್ಲಿ ಎರಡು ಇಂಚು ಎತ್ತರಿಸುವ ರೈಸರ್ ತರಿಸಿದೆ. 1,200 ರೂಪಾಯಿ. ಹಾಕುವ ಮೊದಲು ಮಾರಿದವರಿಗೆ ಫೋನ್ ಮಾಡಿ ಕೇಳಿದ್ದೆ, ಕೇಬಲ್ ಉದ್ದದ್ದು ಬೇಕಾಗುತ್ತಾ ಅಂತ. "ಏನೂ ಬೇಡ ಸರ್, ನಾಲ್ಕು ಬೋಲ್ಟ್ ಅಷ್ಟೇ" ಅಂದರು. ನನಗೂ ಅದೇ ಉತ್ತರ ಬೇಕಿತ್ತು, ನಂಬಿದೆ.

ನಾಲ್ಕು ಬೋಲ್ಟ್ ನಿಜ. ಅರ್ಧ ಗಂಟೆಯಲ್ಲಿ ಹ್ಯಾಂಡಲ್ ಮೇಲೆ ಬಂತು. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಹೋಸ್, ಸ್ವಿಚ್ಚುಗಳ ವೈರು ಎಲ್ಲಾ ತಲುಪಿದವು. ಸ್ವಲ್ಪ ಬಿಗಿ ಇತ್ತು, ಆದರೆ ತಲುಪಿದವು. ಹ್ಯಾಂಡಲ್ ನೆಟ್ಟಗಿತ್ತು, ಗಾಡಿ ಸ್ಟ್ಯಾಂಡಿನ ಮೇಲಿತ್ತು, ನಾನು ಫೋಟೋ ತೆಗೆದೆ.

ಅವತ್ತು ಸಂಜೆ ಎಂಜಿನ್ ಚಾಲೂ ಇಟ್ಟುಕೊಂಡೇ ಗಾಡಿಯನ್ನು ಶೆಡ್ಡಿಗೆ ತಿರುಗಿಸುವಾಗ ಶಬ್ದ ಒಮ್ಮೆ ಏರಿ ಇಳಿಯಿತು. ಜಗುಲಿಯಲ್ಲಿ ಅಡಿಕೆ ಆರಿಸುತ್ತಿದ್ದ ಅಮ್ಮ, "ಅದೆಂತ ಮಾರಾಯ, ಕರು ಕೂಗಿದ ಹಾಗೆ?" ಅಂದಳು. ಎಂಜಿನ್ ಇನ್ನೂ ತಣ್ಣಗಿದೆ ಅಮ್ಮ, ಅದಕ್ಕೆ ಹಾಗೆ ಅಂದೆ. ಉತ್ತರ ಅಷ್ಟು ಬೇಗ ಬಾಯಿಗೆ ಬಂತು ನೋಡಿ. ಹತ್ತು ಕಿಲೋಮೀಟರ್ ಓಡಿಸಿ ಆಗಷ್ಟೇ ತಂದು ನಿಲ್ಲಿಸುತ್ತಿದ್ದ ಗಾಡಿ ಎಲ್ಲಿಂದ ತಣ್ಣಗಿರಬೇಕು?

ಎರಡನೇ ಭಾನುವಾರ ಫಾಗ್ ಲ್ಯಾಂಪ್. ಡಬ್ಬಿಯ ಮೇಲೆ ಒಂದೊಂದಕ್ಕೆ 40 ವ್ಯಾಟ್ ಅಂತ ಬರೆದಿತ್ತು. ಜೊತೆಗೆ ಬಂದ ವೈರು ಕೂದಲಿನ ಹಾಗೆ ತೆಳ್ಳಗೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್), ಫ್ಯೂಸ್ ಇರುವ ವೈರಿಂಗ್ ಕಿಟ್ ಬೇರೆ ತಗೊಳ್ಳಬೇಕು, 700 ರೂಪಾಯಿ. ಯಾಕೆ ಬೇಕು, ದೀಪ ತಾನೇ, ಅಂತ ಉಳಿಸಿದೆ. ಬ್ಯಾಟರಿಯ ಪ್ಲಸ್‌ನಿಂದ ನೇರ ಒಂದು ವೈರು, ಟ್ಯಾಂಕಿನ ಕೆಳಗೆ ಹಾದು, ಹ್ಯಾಂಡಲ್ ಕೊರಳಿನ ಪಕ್ಕ ಫ್ರೇಮಿಗೆ ಕೇಬಲ್ ಟೈ ಹಾಕಿ ಬಿಗಿದು, ಹ್ಯಾಂಡಲ್ ಮೇಲಿನ ಸ್ವಿಚ್ಚಿಗೆ. ಅಲ್ಲಿಂದ ದೀಪಕ್ಕೆ. ಸ್ವಿಚ್ ಒತ್ತಿದೆ, ಶೆಡ್ಡೆಲ್ಲಾ ಹಾಲು ಚೆಲ್ಲಿದ ಹಾಗೆ ಬೆಳಗಿತು. ಕೆಲಸ ಮುಗೀತು ಅಂದುಕೊಂಡೆ.

ಆಗಸ್ಟ್ ತಿಂಗಳು. ಹೆಬ್ರಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಮಳೆ ಜೋರು, ಇವತ್ತು ಇಲ್ಲೇ ಉಳಿ ಅಂತ ಭಾವ ಹೇಳಿದರು. ಹೊಸ ಲೈಟ್ ಇದೆಯಲ್ಲ ಭಾವ ಅಂತ ಹೊರಟೆ. ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಏಳೂವರೆ ಆಗಿರಬೇಕು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ನನಗೆ ಹೊಸದಲ್ಲ. ಆದರೆ ಆ ಮಳೆಯಲ್ಲಿ, ಮಂಜಿನಲ್ಲಿ, ಎಷ್ಟನೇ ತಿರುವಿನಲ್ಲಿದ್ದೇನೆ ಅಂತ ಲೆಕ್ಕ ತಪ್ಪಿತ್ತು.

ಮೇಲಿನಿಂದ ಒಂದು ಮಿನಿ ಬಸ್ಸು ಇಳಿಯಿತು. ತಿರುವಿನಲ್ಲಿ ಅದಕ್ಕೆ ಪೂರ್ತಿ ರಸ್ತೆ ಬೇಕು. ನಾನು ಎಡಕ್ಕೆ ಒತ್ತಿ ನಿಂತೆ, ಅದು ದಾಟಿ ಹೋಯಿತು. ಈಗ ನಿಂತಲ್ಲಿಂದಲೇ, ಏರಿನಲ್ಲಿ, ಹ್ಯಾಂಡಲ್ ಪೂರ್ತಿ ಎಡಕ್ಕೆ ಮುರಿದು ಹೊರಡಬೇಕು. ಮಾಮೂಲಿ ಓಡಾಟದಲ್ಲಿ ಹ್ಯಾಂಡಲ್ ಅಷ್ಟು ತಿರುಗುವುದೇ ಇಲ್ಲ, ಗಮನಿಸಿದ್ದೀರಾ? ವೇಗದಲ್ಲಿದ್ದಾಗ ಗಾಡಿ ವಾಲುತ್ತದೆ ಅಷ್ಟೇ. ಪೂರ್ತಿ ತಿರುಗುವುದು ಇಂಥ ಜಾಗದಲ್ಲಿ ಮಾತ್ರ.

ಫಸ್ಟ್ ಗೇರ್. ಕ್ಲಚ್ ಅರ್ಧ ಬಿಟ್ಟೆ. ಹ್ಯಾಂಡಲ್ ಎಡತುದಿಗೆ ಹೋಯಿತು. ನಾನು ಆಕ್ಸಿಲರೇಟರ್ ಕೊಡಲೇ ಇಲ್ಲ, ಎಂಜಿನ್ ತಾನೇ ಗುರ್ ಅಂತ ಏರಿತು. ಬಿಗಿಯಾಗಿದ್ದ ಕೇಬಲ್ಲನ್ನು ಹ್ಯಾಂಡಲ್ಲೇ ಎಳೆದಿತ್ತು. ಗಾಡಿ ಹಾರಿತು. ಗಾಡಿ ಹಾರಿದಾಗ ಮನುಷ್ಯ ಏನು ಮಾಡುತ್ತಾನೆ? ಹ್ಯಾಂಡಲ್ ಗಟ್ಟಿ ಹಿಡಿಯುತ್ತಾನೆ. ಗಟ್ಟಿ ಹಿಡಿದರೆ ಬಲಗೈ ಇನ್ನಷ್ಟು ಹಿಂದಕ್ಕೆ ಹೊರಳುತ್ತದೆ. ರಸ್ತೆಯ ಆ ಬದಿಗೆ ಹೋಗಿ, ತಡೆಗೋಡೆಗೆ ಮುಂದಿನ ಚಕ್ರ ಬಡಿದು, ಗಾಡಿಯೂ ನಾನೂ ಬಲಕ್ಕೆ ಬಿದ್ದೆವು. ಬಸ್ಸಿನ ಹಿಂದೆ ಕಾರೊಂದು ಬರುತ್ತಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮೊಣಕಾಲು ಉಜ್ಜಿಹೋಗಿತ್ತು, ಅಷ್ಟೇ. ಎಂಜಿನ್ ಆಫ್ ಆಗಿತ್ತು. ಎದ್ದು ಉಸಿರು ಬಿಡುವಷ್ಟರಲ್ಲಿ ವಾಸನೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಗೊತ್ತಲ್ಲ, ಗಂಟಲಿಗೆ ಹಿಡಿಯುವಂಥದ್ದು. ಟ್ಯಾಂಕಿನ ಕೆಳಗಿನಿಂದ ಬಿಳಿ ಹೊಗೆ ಬರುತ್ತಿತ್ತು. ಕೀ ತಿರುಗಿಸಿ ಆಫ್ ಮಾಡಿದೆ. ಹೊಗೆ ನಿಲ್ಲಲಿಲ್ಲ. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿದೆ, ಫಾಗ್ ಲ್ಯಾಂಪ್ ಸ್ವಿಚ್ಚನ್ನೂ ಒತ್ತಿದೆ, ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ಬ್ಯಾಟರಿಯಿಂದ ಸ್ವಿಚ್ಚಿನ ತನಕ ವೈರಿನಲ್ಲಿ ಸದಾ ಕರೆಂಟು ಇರುವ ಹಾಗೆ ಜೋಡಿಸಿದವನು ನಾನೇ. ಆ ವೈರಿಗೆ ಕೀ ಯಾವುದು, ಸ್ವಿಚ್ ಯಾವುದು ಗೊತ್ತೇ ಇಲ್ಲ.

ಮೇಲೆ ಪೆಟ್ರೋಲ್ ಟ್ಯಾಂಕು. ಗಾಡಿ ಅಡ್ಡ ಮಲಗಿದೆ. ಬ್ಯಾಟರಿ ಬಿಚ್ಚಲು ಪಾನಾ ಬೇಕು, ಪಾನಾ ಮನೆಯ ಶೆಡ್ಡಿನಲ್ಲಿ ಗೋಡೆಗೆ ಚೆಂದ ನೇತುಹಾಕಿದೆ. ಕೈಹಾಕಿ ವೈರು ಎಳೆದೆ. ಕೆಂಪು ವೈರಿನ ಮೈ ಕರಗಿ ಬೆಲ್ಲದ ಪಾಕದ ಹಾಗಾಗಿತ್ತು, ಒಳಗಿನ ತಾಮ್ರ ಬರಿ ಕೈಗೆ ತಾಗಿತು. ಬಲಗೈ ಅಂಗೈ ಮೇಲೆ ಇವತ್ತಿಗೂ ಒಂದು ಗೆರೆ ಇದೆ. ಹಸ್ತರೇಖೆ ನೋಡುವವರು ಇದಕ್ಕೆ ಏನನ್ನುತ್ತಾರೋ. ಕಡೆಗೆ ಹಿಂದೆ ಬಂದ ಗೂಡ್ಸ್ ಆಟೋದವರು ಕಟಿಂಗ್ ಪ್ಲೇಯರ್ ತಂದು ಸೀಟಿನ ಕಡೆ ವೈರು ಕತ್ತರಿಸಿದರು. "ಎಂತ ಮಾರಾಯ್ರೆ, ಇದಕ್ಕೊಂದು ಫ್ಯೂಸ್ ಇಲ್ವಾ?" ಅಂದರು. ನಾನು ಮಾತಾಡಲಿಲ್ಲ.

ಆಮೇಲೆ ಬಿಚ್ಚಿ ನೋಡಿದಾಗ ಎಲ್ಲಾ ಗೊತ್ತಾಯಿತು. ಹ್ಯಾಂಡಲ್ ತಿರುಗಿದಾಗಲೆಲ್ಲಾ ವೈರು ಎಳೆಯುತ್ತಿತ್ತು, ಕೇಬಲ್ ಟೈಯ ಚೂಪು ಅಂಚು ಅದರ ಮೈಯನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತಿತ್ತು. ಬಿದ್ದಾಗ ಹ್ಯಾಂಡಲ್ ಬಡಿದು ಉಳಿದದ್ದೂ ಹರಿಯಿತು. ಬೈಕಿನ ಫ್ರೇಮೇ ಬ್ಯಾಟರಿಯ ಮೈನಸ್. ಪ್ಲಸ್ ತಂತಿ ಬೆತ್ತಲೆಯಾಗಿ ಫ್ರೇಮಿಗೆ ತಾಗಿದರೆ, ತಡೆಯಲು ಫ್ಯೂಸ್ ಇಲ್ಲದಿದ್ದರೆ, ಆ ತಂತಿ ನೀರು ಕಾಯಿಸುವ ಕಾಯಿಲ್ಲೇ ಸರಿ. ಫ್ಯೂಸ್ ಇರುವುದು ದೀಪ ಉಳಿಸಲು ಅಂತ ನಾನು ತಿಳಿದಿದ್ದೆ. ಅಲ್ಲ, ಅದು ಉಳಿಸುವುದು ವೈರನ್ನು. ಅದಕ್ಕೇ ಅದು ದೀಪದ ಹತ್ತಿರ ಅಲ್ಲ, ಬ್ಯಾಟರಿಯಿಂದ ಗೇಣುದ್ದದೊಳಗೆ ಇರಬೇಕು. 40 ವ್ಯಾಟ್‌ನ ಎರಡು ದೀಪಕ್ಕೆ 12 ವೋಲ್ಟ್‌ನಲ್ಲಿ ಸುಮಾರು ಏಳು ಆಂಪಿಯರ್ ಬೇಕು, 10 ಆಂಪಿಯರ್ ಫ್ಯೂಸ್ ಸಾಕು. ಅಷ್ಟನ್ನು ತಡೆಯುವ ದಪ್ಪದ ವೈರೂ ಬೇಕು.

ರಿಲೇ ಯಾಕೆ ಅಂತ ಕೇಳುವವರಿಗೆ ಒಂದು ಮಾತು. ರಿಲೇ ಇದ್ದರೆ ದೊಡ್ಡ ಕರೆಂಟು ಹ್ಯಾಂಡಲ್ ತನಕ ಬರುವುದೇ ಇಲ್ಲ. ಅದರ 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವೈರು, 87ರಿಂದ ದೀಪಕ್ಕೆ. 86ಕ್ಕೆ ಸ್ವಿಚ್ಚಿನ ತೆಳು ವೈರು, 85 ಅರ್ಥಿಂಗ್. ಸ್ವಿಚ್ಚಿಗೆ ಬರುವ ಕರೆಂಟನ್ನು ಕೀ ಆನ್ ಮಾಡಿದಾಗ ಮಾತ್ರ ಜೀವ ಬರುವ ವೈರಿನಿಂದ ತಗೊಳ್ಳಿ. ಆಗ ಕೀ ತೆಗೆದರೆ ದೀಪಗಳು ಆರುತ್ತವೆ. ಅವತ್ತು ನನಗೆ ಆ ಕೀ ಎಷ್ಟು ಬೇಕಾಗಿತ್ತು ಅಂತ ಹೇಳಲು ಬರುವುದಿಲ್ಲ.

ದೀಪದ ವಿಷಯಕ್ಕೆ ಇನ್ನೊಂದು. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳಿಗೆ ಕೇಸು ಹಾಕುತ್ತಿದ್ದಾರೆ. ಸರಿಯಾಗಿಯೇ ಇದೆ ಅನ್ನುತ್ತೇನೆ. ಆ ಮಿನಿ ಬಸ್ಸಿನವರಿಗೆ ನನ್ನ ದೀಪ ಎಷ್ಟು ಹಿಂಸೆ ಕೊಟ್ಟಿತೋ. ಇನ್ನು ಮಂಜಿನಲ್ಲಿ ಆ ಬಿಳಿ ಬೆಳಕು ಎದುರಿಗೆ ಬಿಳಿ ಪರದೆ ಕಟ್ಟಿತೇ ಹೊರತು ರಸ್ತೆ ತೋರಿಸಲಿಲ್ಲ.

ಗಾಡಿಯನ್ನು ಊರಿನ ಹಳೇ ಮೆಕ್ಯಾನಿಕ್ ಹತ್ತಿರ ಹಾಕಿದೆ. ಅವರು ಹ್ಯಾಂಡಲ್ ನೋಡುವ ಮೊದಲು ಚೈನ್ ಮುಟ್ಟಿ ನೋಡಿದರು. ಆಮೇಲೆ ಎಂಜಿನ್ನಿನಿಂದ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲುಚಕ್ರ, ಹೊರಬರುವ ಜಾಗದಲ್ಲಿ ಬೆರಳಿಟ್ಟು, ಎಣ್ಣೆ ತೋರಿಸಿದರು. "ಚೈನನ್ನು ತಂಬೂರಿ ತಂತಿ ಮಾಡಿದ್ದೀಯಲ್ಲೋ. ಸೀಲ್ ಹೋಗಿದೆ." ಅದೂ ನನ್ನದೇ ಕೈಚಳಕ. ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟು ಚೈನ್ ಬಿಗಿ ಮಾಡಿದ್ದೆ, ನೇತಾಡಬಾರದು ಅಂತ ಚೊಕ್ಕವಾಗಿ. ಇಂಥ ಗಾಡಿಯಲ್ಲಿ ಹಿಂದಿನ ಚಕ್ರ 170 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ನೀವು ಕೂತಾಗ, ಗುಂಡಿಗೆ ಇಳಿದಾಗ ಚೈನ್ ಬಿಗಿಯುತ್ತಾ ಹೋಗುತ್ತದೆ. ಮುಂದಿನ ಸ್ಪ್ರಾಕೆಟ್, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಅದು ಅತಿ ಬಿಗಿ. ಆಗಲೂ ಒಂಚೂರು ಸಡಿಲ ಉಳಿಯಬೇಕು. ಉಳಿಯದಿದ್ದರೆ ಆ ಎಳೆತ ಎಲ್ಲಾ ಗೇರ್‌ಬಾಕ್ಸಿನ ಬೇರಿಂಗ್, ಸೀಲ್ ಮೇಲೆ. ಎಷ್ಟು ಸಡಿಲ ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಸ್ಟ್ಯಾಂಡ್ ಮೇಲೆ ನೋಡಬೇಕೋ ನೆಲದ ಮೇಲೋ ಅನ್ನುವುದನ್ನೂ ಓದಿ. ನಾನು ಪುಸ್ತಕದ ಪ್ಲಾಸ್ಟಿಕ್ ಕವರ್ರೇ ತೆಗೆದಿರಲಿಲ್ಲ.

ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ನಿಲ್ಲಿಸಿ ಒಂದು ಕೆಲಸ ಮಾಡಿ ತೋರಿಸಿದರು. ರೈಸರ್ ಹಾಗೇ ಇತ್ತು. ಎಂಜಿನ್ ಚಾಲೂ, ನ್ಯೂಟ್ರಲ್. ಎರಡು ಬೆರಳಿನಿಂದ ಹ್ಯಾಂಡಲ್ ಮೆಲ್ಲಗೆ ಬಲತುದಿಗೆ ತಂದರು, ಏನಿಲ್ಲ. ಎಡತುದಿಗೆ ತಂದರು, ಕರು ಕೂಗಿತು. ಅಮ್ಮ ಹೇಳಿದ್ದ ಅದೇ ಶಬ್ದ. ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಗಾಳಿಗೆ ಎತ್ತಿದರು. ಶಾಕ್ಸ್ ಪೂರ್ತಿ ಇಳಿಯಿತು, ಹ್ಯಾಂಡಲ್ ತಿರುಗಿಸಿದರು, ಬ್ರೇಕ್ ಹೋಸ್ ಬಿಲ್ಲಿನ ಹೆದೆಯಾಯಿತು. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಯಾವುದಾದರೂ ಹಂಪ್ ಮೇಲೆ ಗಾಡಿ ಎಗರಿದ ದಿನ ಅದೂ ಕಿತ್ತು ಬರುತ್ತಿತ್ತೇನೋ.

ಬಿಲ್ಲು ಒಟ್ಟು 11,400 ಆಯಿತು. ಸುಟ್ಟುಹೋದ ವೈರಿಂಗ್, ಎರಡೂ ಆಕ್ಸಿಲರೇಟರ್ ಕೇಬಲ್, ಬ್ರೇಕ್ ಲಿವರ್, ಆಯಿಲ್ ಸೀಲ್, ಚೈನ್ ಸೆಟ್, ಕೂಲಿ. ಇನ್ಶೂರೆನ್ಸ್ ಕೇಳಲು ಹೋಗಲಿಲ್ಲ, ನಾನೇ ಎಳೆದ ವೈರಿನಿಂದ ಹೊತ್ತಿದ ಗಾಡಿಗೆ ಯಾವ ಮುಖ ಇಟ್ಟುಕೊಂಡು ಕೇಳುವುದು. ಕಾರಿಗೆ ತಂದ ಎಂಜಿನ್ ಎಣ್ಣೆ ಉಳಿದಿತ್ತು ಅಂತ ಇದಕ್ಕೆ ಸುರಿದಿದ್ದೀಯಾ ಅಂತಲೂ ಮೆಕ್ಯಾನಿಕ್ ಕೇಳಿದರು. ಪುಣ್ಯಕ್ಕೆ ಅದೊಂದು ಮಾಡಿರಲಿಲ್ಲ. ಬೈಕಿನ ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತದೆ, ಕಾರಿನ ಎಣ್ಣೆ ಹಾಕಿ ಕ್ಲಚ್ ಜಾರಿಸಿಕೊಂಡವರು ಅವರ ಅಂಗಡಿಗೆ ಬೇಕಾದಷ್ಟು ಬರುತ್ತಾರಂತೆ. ಡಬ್ಬಿಯ ಮೇಲೆ ಜಾಸೋ ಎಂಎ2 ಅಂತ, ಅಂದರೆ ಇಂಥ ಕ್ಲಚ್ಚಿಗೆ ಆಗುವ ಎಣ್ಣೆ ಅನ್ನುವ ಗುರುತು, ಇದೆಯಾ ನೋಡಿ ತಗೋ ಅಂದರು.

ಈಗಲೂ ಮನೆಯಲ್ಲೇ ಕೆಲಸ ಮಾಡುತ್ತೇನೆ. ಎಣ್ಣೆ ಬದಲಿಸುವುದು, ಏರ್ ಫಿಲ್ಟರ್, ಚೈನ್ ತೊಳೆಯುವುದು, ಸ್ಪೋಕ್ ತಟ್ಟಿ ನೋಡುವುದು. ಚೈನ್ ನೋಡುವಾಗ ಪಕ್ಕದ ಮನೆಯ ಇಬ್ಬರು ಹುಡುಗರನ್ನು ಕರೆದು ಸೀಟ್ ಮೇಲೆ ಕೂರಿಸುತ್ತೇನೆ. ಅವರಿಗದು ಆಟ. ಫಾಗ್ ಲ್ಯಾಂಪ್ ತೆಗೆದು ತೋಟದ ಪಂಪ್‌ಹೌಸಿಗೆ ಹಾಕಿದ್ದೇನೆ, ಫ್ಯೂಸ್ ಸಮೇತ.

ರೈಸರ್ ಮಾತ್ರ ಡಬ್ಬಿಯಲ್ಲಿದೆ. ಹೋದ ತಿಂಗಳು ಕೊಪ್ಪದ ಹುಡುಗನೊಬ್ಬ ಕೊಡ್ತೀರಾ ಅಣ್ಣ ಅಂತ ಕೇಳಿಕೊಂಡು ಬಂದ, ಐನೂರು ಕೊಡುತ್ತೇನೆ ಅಂದ. ದುಡ್ಡು ಬೇಡ, ಉದ್ದದ ಕೇಬಲ್ಲು, ಹೋಸು ತಗೊಂಡ ಬಿಲ್ ತೋರಿಸು, ಹಾಗೇ ಕೊಡ್ತೀನಿ ಅಂದೆ. ತಲೆ ಕೆರೆದುಕೊಂಡು ಹೋದ. ಇನ್ನೂ ಬಂದಿಲ್ಲ.